ಇಪ್ಪತ್ತೇಳು ಹನಿಯ ಲೆಕ್ಕ

ತುಮಕೂರು ಜಿಲ್ಲೆಯ ಒಂದು ಸರ್ಕಾರಿ ಪ್ರೌಢಶಾಲೆ. ವಾರ್ಷಿಕೋತ್ಸವಕ್ಕೆ ಅತಿಥಿಯಾಗಿ ಕರೆದಿದ್ದರು. ಬಸ್ಸನ್ನು ನಂಬದೆ ಬೇಗ ಹೊರಟವನು ಎರಡು ಗಂಟೆ ಮೊದಲೇ ತಲುಪಿಬಿಟ್ಟೆ. ಶಾಮಿಯಾನದವರು ಇನ್ನೂ ಗೂಟ ಹೊಡೆಯುತ್ತಿದ್ದರು. ಹೆಡ್‌ಮಾಸ್ಟರಿಗೆ ಮುಜುಗರ. "ಅಲ್ಲೀತನಕ ಹತ್ತನೇ ಕ್ಲಾಸಲ್ಲಿ ಕೂತಿರಿ ಸಾರ್, ಸೈನ್ಸ್ ರಿವಿಷನ್ ನಡೀತಿದೆ" ಎಂದರು. ಸಂಜೆ ನಾನು ಏನು ಭಾಷಣ ಮಾಡಿದೆನೋ ನನಗೇ ನೆನಪಿಲ್ಲ. ಆ ಕ್ಲಾಸು ಮಾತ್ರ ಇನ್ನೂ ತಲೆಯಿಂದ ಇಳಿದಿಲ್ಲ.

ಒಳಗೆ ರಸಾಯನಶಾಸ್ತ್ರದ ಬದಲು ಅಡುಗೆಮನೆ ಹರಡಿಕೊಂಡಿತ್ತು. ಪ್ರತಿ ಬೆಂಚಿನ ಮೇಲೂ ಒಂದು ಮುತ್ತುಗದ ಎಲೆ, ಎಲೆಯ ಮೇಲೆ ಹುಣಸೆಬೀಜ, ಹೆಸರುಕಾಳು, ನಿಂಬೆಹಣ್ಣಿನಷ್ಟು ಹಸಿ ಜೇಡಿಮಣ್ಣು. ಹುಣಸೆಬೀಜ ಅಂದರೆ ಆಕ್ಸಿಜನ್, ಹೆಸರುಕಾಳು ಅಂದರೆ ಹೈಡ್ರೋಜನ್. ಆಕ್ಸಿಜನ್ ಅನಿಲ ಬೇಕಾದರೆ ಎರಡು ಬೀಜ ಅಂಟಿಸಿಯೇ ತರಬೇಕು, ಒಂಟಿ ಬೀಜ ತರುವಂತಿಲ್ಲ. ಹೈಡ್ರೋಜನ್ನಿಗೂ ಅದೇ ಕಾಯ್ದೆ. ಕಪ್ಪು ಹಲಗೆಯ ಮೇಲೆ ಆ ಪಾಠದ ಖಾಯಂ ಆಜ್ಞೆ: ಸಮೀಕರಣವನ್ನು ಸರಿದೂಗಿಸಿ.

ನಾನು ಎಸ್ಸೆಸ್ಸೆಲ್ಸಿಯಲ್ಲಿ ಈ ಆಜ್ಞೆಗೆ ಹೆದರಿ ಓಡಿದವನು. ಕಬ್ಬಿಣದ ಮೇಲೆ ನೀರಾವಿ ಹಾಯಿಸುವ ಸಮೀಕರಣದಲ್ಲಿ 3 ಮತ್ತು 4 ಎಲ್ಲಿಂದ ಬಂದವು ಎಂದು ಕೇಳುವ ಧೈರ್ಯವಿಲ್ಲದೆ ಬಾಯಿಪಾಠ ಮಾಡಿದ್ದೆ. ಎಡಗಡೆ ಎಷ್ಟು ಪರಮಾಣುವೋ ಬಲಗಡೆಯೂ ಅಷ್ಟೇ ಇರಬೇಕು ಎನ್ನುವುದು ಗೊತ್ತಿತ್ತು. ಹಾಗೆ ಮಾಡಲು ಯಾವ ಅಂಕಿಯನ್ನು ಮುಟ್ಟಬಹುದು, ಯಾವುದನ್ನು ಮುಟ್ಟಬಾರದು ಎನ್ನುವುದು ತಲೆಗೆ ಹೋಗಿರಲಿಲ್ಲ.

ಮೊದಲ ಬೆಂಚಿನ ಹುಡುಗಿಗೂ ಹೋಗಿರಲಿಲ್ಲ. ಎರಡು ಹೆಸರುಕಾಳು, ಎರಡು ಹುಣಸೆಬೀಜ ತೆಗೆದುಕೊಂಡು ನೀರು ಮಾಡಹೊರಟಳು. ಒಂದು ಬೀಜಕ್ಕೆ ಎರಡು ಕಾಳು ಮೆತ್ತಿದಳು. ಇನ್ನೊಂದು ಬೀಜ ಮಿಕ್ಕಿತು. ಸ್ವಲ್ಪ ಯೋಚಿಸಿ ಅದನ್ನೂ ಅದೇ ಉಂಡೆಗೆ ಒತ್ತಿಬಿಟ್ಟಳು. "ಒಂದೂ ಮಿಗಲಿಲ್ಲ ಮೇಡಂ, ಸರಿಹೋಯ್ತು!"

ಮೇಡಂ ತಪ್ಪು ಅನ್ನಲಿಲ್ಲ. ಬೀರು ತೆಗೆದು ಪ್ರಥಮ ಚಿಕಿತ್ಸೆಯ ಡಬ್ಬದಿಂದ ಒಂದು ಕಂದು ಬಾಟಲಿ ತಂದು ಅವಳ ಎಲೆಯ ಪಕ್ಕ ಇಟ್ಟರು. "ನೀನು ಮಾಡಿದ್ದು ಇದು. ಕುಡೀತೀಯಾ?"

ಗಾಯಕ್ಕೆ ಹಾಕಿದರೆ ಬುಸುಬುಸು ನೊರೆ ಬರುವ ಹೈಡ್ರೋಜನ್ ಪೆರಾಕ್ಸೈಡ್! ಎಚ್‌ಟುಓ ಆಗಬೇಕಿದ್ದದ್ದು ಎಚ್‌ಟುಓಟು ಆಗಿತ್ತು. ಕೆಳಗೆ ಬರೆಯುವ ಪುಟ್ಟ ಅಂಕಿ ಪದಾರ್ಥದ ಜಾತಕ, ಅದನ್ನು ತಿದ್ದಿದರೆ ಪದಾರ್ಥವೇ ಬೇರೆ. ತಿದ್ದಬಹುದಾದದ್ದು ಮುಂದೆ ಬರೆಯುವ ದೊಡ್ಡ ಅಂಕಿ, ಅಂದರೆ ಎಷ್ಟು ಅಣು ಎನ್ನುವುದನ್ನು ಮಾತ್ರ. ಹುಡುಗಿ ಇನ್ನೆರಡು ಹೆಸರುಕಾಳು ತಂದಳು. ಎರಡು ಹೈಡ್ರೋಜನ್, ಒಂದು ಆಕ್ಸಿಜನ್, ಎರಡು ನೀರು. ನನಗೆ ಮೂರು ವರ್ಷ ಹಿಡಿದದ್ದು ಅವಳಿಗೆ ಮೂರು ನಿಮಿಷ.

ಈ ಲೆಕ್ಕದ ಇತಿಹಾಸ ನನ್ನ ಹಳೆಯ ಪತ್ರಿಕಾ ತುಣುಕುಗಳಲ್ಲಿ ಇಷ್ಟೇ ಇಷ್ಟು: ಪ್ಯಾರಿಸ್ಸಿನ ಲವಾಸಿಯೆ 1789ರ ತನ್ನ ಪುಸ್ತಕದಲ್ಲಿ ದ್ರಾಕ್ಷಿರಸ ಹುಳಿತು ಮದ್ಯವಾಗುವುದನ್ನು ಎರಡು ಕಡೆಯ ಸಮೀಕರಣವಾಗಿ ಬರೆದ. ಹೋದ ತೂಕವೆಲ್ಲ ಬಂದ ತೂಕದಲ್ಲಿ ಸಿಗಬೇಕು ಎಂದು ವಾದಿಸಿದ. ಆತ ತೆರಿಗೆ ವಸೂಲಿ ಕಂಪನಿಯ ಪಾಲುದಾರ. ಜಮಾಖರ್ಚಿನ ಕಣ್ಣು ಪ್ರಯೋಗಶಾಲೆಗೂ ಬಂದದ್ದರಲ್ಲಿ ಆಶ್ಚರ್ಯವಿಲ್ಲ. ಅದೇ ಕಂಪನಿಯ ದೆಸೆಯಿಂದ 1794ರ ಮೇ 8ರಂದು ತಲೆ ಕಳೆದುಕೊಂಡ. ತಮಾಷೆಯೆಂದರೆ ಅವನ ಹುದುಗಿನ ಅಂಕಿಗಳಲ್ಲಿ ದೊಡ್ಡ ತಪ್ಪುಗಳಿದ್ದವು. ಒಂದು ತಪ್ಪು ಇನ್ನೊಂದನ್ನು ಹೊಡೆದುಹಾಕಿ ಮೊತ್ತ ಸರಿಯಾಗಿ ಕೂತಿತ್ತು. ಲೆಕ್ಕ ಕೂಡಿತು ಅಂದಮಾತ್ರಕ್ಕೆ ಲೆಕ್ಕ ನಿಜವೇ? ಆ ಮಧ್ಯಾಹ್ನ ಕ್ಲಾಸು ತಿರುಗಿದ್ದೂ ಈ ಪ್ರಶ್ನೆಯ ಕಡೆಗೇ.

ಸಂಜೆಯ ವಿಜ್ಞಾನ ಪ್ರದರ್ಶನಕ್ಕೆಂದು ಮೇಡಂ 'ಬಣ್ಣ ಮಾಯ' ಮಾಡುವ ಆಟ ಸಿದ್ಧಪಡಿಸಿದ್ದರು. ಬಾವಿಗೆ ಹಾಕುತ್ತಿದ್ದ ನೇರಳೆ ಪುಡಿ, ಅಂದರೆ ಪೊಟ್ಯಾಸಿಯಂ ಪರ್ಮಾಂಗನೇಟ್. ಅದರ ದ್ರಾವಣಕ್ಕೆ ತೆಳು ಸಲ್ಫ್ಯೂರಿಕ್ ಆಮ್ಲ ಸೇರಿಸಿ, ಅದೇ ಕಂದು ಬಾಟಲಿಯ ಪೆರಾಕ್ಸೈಡ್ ಬಿಟ್ಟರೆ ಬಣ್ಣ ಹೋಗುತ್ತದೆ. ಹೊರಬರುವುದು ಪೊಟ್ಯಾಸಿಯಂ ಸಲ್ಫೇಟ್, ಮ್ಯಾಂಗನೀಸ್ ಸಲ್ಫೇಟ್, ನೀರು, ಆಕ್ಸಿಜನ್. "ಇದನ್ನೂ ಸರಿದೂಗಿಸಬಹುದಾ ಮೇಡಂ?" ಎಂದಳು ಮೊದಲ ಬೆಂಚಿನವಳು. "ಇದು ಪಿಯುಸಿಯದ್ದು, ಬೇಡ" ಎನ್ನುತ್ತಲೇ ಮೇಡಂ ಹಲಗೆಯ ಮೇಲೆ ಬರೆದರು.

ಹತ್ತು ನಿಮಿಷದಲ್ಲಿ ಅವಳ ಉತ್ತರ ಬಂತು. 2 ಪರ್ಮಾಂಗನೇಟ್, 1 ಪೆರಾಕ್ಸೈಡ್, 3 ಆಮ್ಲ. ಆ ಕಡೆ 1 ಪೊಟ್ಯಾಸಿಯಂ ಸಲ್ಫೇಟ್, 2 ಮ್ಯಾಂಗನೀಸ್ ಸಲ್ಫೇಟ್, 4 ನೀರು, 3 ಆಕ್ಸಿಜನ್. ಎಣಿಸಿದೆವು. ಆಕ್ಸಿಜನ್ ಪರಮಾಣು ಎಡಕ್ಕೂ 22, ಬಲಕ್ಕೂ 22. ಎಲ್ಲ ಸರಿ. ಅಷ್ಟರಲ್ಲಿ ಕೊನೆಯ ಬೆಂಚಿನ ಹುಡುಗ ಎದ್ದ: "ನಂದು ಪೆರಾಕ್ಸೈಡ್ 3, ನೀರು 6, ಆಕ್ಸಿಜನ್ 4, ಮಿಕ್ಕಿದ್ದು ಅದೇ." ಎಣಿಸಿದೆವು. 26, 26. ಅದೂ ಸರಿ! ಪಿಯುಸಿ ಪುಸ್ತಕದ ಉತ್ತರ ಎರಡೂ ಅಲ್ಲ. ಅಲ್ಲಿ ಪೆರಾಕ್ಸೈಡ್ 5, ನೀರು 8, ಆಕ್ಸಿಜನ್ 5. ಅಲ್ಲೂ 30, 30.

ಕೋಚಿಂಗ್ ಸೆಂಟರುಗಳ ಎ, ಬಿ, ಸಿ, ಡಿ ಇಟ್ಟು ಬಿಡಿಸುವ ಬೀಜಗಣಿತದ 'ಟ್ರಿಕ್' ಮೇಲೆ ನನಗೆ ಮೊದಲಿಂದಲೂ ಅಷ್ಟಕ್ಕಷ್ಟೆ. ಇಲ್ಲಿ ಅದು ಕೈ ಎತ್ತಿಬಿಡುತ್ತದೆ. ಕಂಡುಹಿಡಿಯಬೇಕಾದ ಸಂಖ್ಯೆಗಳು 7, ಧಾತುಗಳು 5 ಮಾತ್ರ. ಕಾರಣ ಆ ಬಾಟಲಿಯಲ್ಲೇ ಇದೆ. ಪೆರಾಕ್ಸೈಡ್ ಯಾರ ಹಂಗೂ ಇಲ್ಲದೆ ತಾನಾಗಿಯೇ ನೀರು ಮತ್ತು ಆಕ್ಸಿಜನ್ ಆಗಿ ಒಡೆಯಬಲ್ಲದು. ಆ ಲೆಕ್ಕವನ್ನು ಈ ಲೆಕ್ಕಕ್ಕೆ ಎಷ್ಟು ಸಲ ಸೇರಿಸಿದರೂ ಪರಮಾಣುಗಳ ಖಾತೆ ಕದಲುವುದಿಲ್ಲ. ಉತ್ತರಗಳಿಗೆ ಕೊನೆಯೇ ಇಲ್ಲ.

ಹಾಗಾದರೆ ನಿಜ ಯಾವುದು? ಮೇಡಂ ಎರಡು ಡ್ರಾಪರ್ ತೆಗೆದರು. ಪರ್ಮಾಂಗನೇಟು ಲೀಟರಿಗೆ 3.16 ಗ್ರಾಂ, ಶೇಕಡಾ 6ರ ಪೆರಾಕ್ಸೈಡು ಸುಮಾರು 88 ಪಟ್ಟು ತೆಳು. ಹೀಗೆ ಎರಡನ್ನೂ ಮೊದಲೇ ಸಮಬಲದ ದ್ರಾವಣ ಮಾಡಿಟ್ಟಿದ್ದರು. ಒಂದು ಹನಿಗೆ ಒಂದು ಹನಿ, ಅಣುಗಳ ಸಂಖ್ಯೆ ಸಮ. 10 ಹನಿ ನೇರಳೆ ತೆಗೆದುಕೊಂಡರೆ ಹುಡುಗಿಯ ಪ್ರಕಾರ 5 ಹನಿಗೆ ಬಣ್ಣ ಹೋಗಬೇಕು, ಹುಡುಗನ ಪ್ರಕಾರ 15ಕ್ಕೆ, ಪುಸ್ತಕದ ಪ್ರಕಾರ 25ಕ್ಕೆ.

ಇಡೀ ಕ್ಲಾಸು ಗಟ್ಟಿಯಾಗಿ ಎಣಿಸತೊಡಗಿತು. ಐದು ದಾಟಿತು, ನೇರಳೆ ಹಾಗೇ ಇತ್ತು. ಹುಡುಗಿ ತುಟಿ ಕಚ್ಚಿದಳು. ಹದಿನೈದು ದಾಟಿತು, ಬಣ್ಣ ಗುಲಾಬಿಗೆ ಇಳಿದಿತ್ತು, ಅಲ್ಲೊಂದು ಇಲ್ಲೊಂದು ಗುಳ್ಳೆ. ಕೊನೆಯ ಬೆಂಚಿನಿಂದ "ಅಯ್ಯೋ" ಎಂಬ ದನಿ. ಇಪ್ಪತ್ತೈದಕ್ಕೆ ಇನ್ನೂ ಎಳೆ ಗುಲಾಬಿ. ಇಪ್ಪತ್ತಾರು. ಇಪ್ಪತ್ತೇಳಕ್ಕೆ ನೀರಿನಂತೆ ತಿಳಿ.

ಶಾಮಿಯಾನದ ಹುಡುಗರೂ ಕಿಟಕಿಯಲ್ಲಿ ಇಣುಕುತ್ತಿದ್ದರು.

ತೀರ್ಪು ಕೊಟ್ಟದ್ದು ಎಲೆಕ್ಟ್ರಾನು. ಈ ಕ್ರಿಯೆಯಲ್ಲಿ ಪ್ರತಿ ಮ್ಯಾಂಗನೀಸ್ ಪರಮಾಣು 5 ಎಲೆಕ್ಟ್ರಾನ್ ಪಡೆಯುತ್ತದೆ, ಪ್ರತಿ ಪೆರಾಕ್ಸೈಡ್ ಅಣು 2 ಕೊಡುತ್ತದೆ. ಕೊಟ್ಟದ್ದು ಪಡೆದದ್ದು ಹತ್ತಕ್ಕೆ ಹತ್ತು ಆಗಬೇಕಾದರೆ ಎರಡಕ್ಕೆ ಐದೇ ಬೇಕು. 'ಸರಿದೂಗಿಸು' ಅನ್ನುವ ನಮ್ಮ ಮಾತಿನೊಳಗೆ ತೂಗುವುದು ಇದೆ. ಆದರೆ ಇಲ್ಲಿ ನಿರ್ಣಾಯಕವಾದದ್ದು ಪ್ರೋಟಾನಿನ 1836ರಲ್ಲಿ ಒಂದು ಪಾಲು ಮಾತ್ರ ತೂಗುವ, ತಕ್ಕಡಿಗೆ ಸಿಗದ ಕಣ. ಲವಾಸಿಯೆಗೆ ಅದು ಗೊತ್ತಿರುವ ಸಾಧ್ಯತೆಯೇ ಇರಲಿಲ್ಲ. ಎಲೆಕ್ಟ್ರಾನ್ ಪತ್ತೆಯಾದದ್ದು 1897ರಲ್ಲಿ.

ಆ ಹೆಚ್ಚುವರಿ ಎರಡು ಹನಿ? ಬಾಟಲಿ ಹಳೆಯದಾದಷ್ಟೂ ಪೆರಾಕ್ಸೈಡ್ ತಾನೇ ಒಡೆದು ಸೊರಗಿರುತ್ತದೆ. ಆಮ್ಲ ಸಾಲದಿದ್ದರೆ ಮ್ಯಾಂಗನೀಸ್ ಡಯಾಕ್ಸೈಡಿನ ಕಂದು ಕೆಸರು ಹುಟ್ಟಿ, ಅದೂ ಪೆರಾಕ್ಸೈಡನ್ನು ಒಡೆದು ಪೋಲು ಮಾಡುತ್ತದೆ. ಹುಡುಗಿ ನೋಟ್‌ಬುಕ್ಕಿನಲ್ಲಿ 27 ಬರೆದವಳು ಪುಸ್ತಕ ನೋಡಿ ರಬ್ಬರಿಗೆ ಕೈ ಹಾಕಿದಳು. "ಅಳಿಸಬೇಡ, ನೀನು ಎಣಿಸಿದ್ದು ಅದೇ ತಾನೇ?" ಎಂದರು ಮೇಡಂ.

ಹೈಸ್ಕೂಲಿನ ವಿಜ್ಞಾನ ಶಿಕ್ಷಕರಲ್ಲಿ ನನ್ನದೊಂದು ಕೋರಿಕೆ. ಪರ್ಮಾಂಗನೇಟ್ ನಿಮ್ಮ ಬೀರುವಿನಲ್ಲೇ ಇದೆ, ಪೆರಾಕ್ಸೈಡ್ ಔಷಧಿ ಅಂಗಡಿಯಲ್ಲಿ ಸಿಗುತ್ತದೆ. ಆಮ್ಲ ನಿಮ್ಮ ಕೈಯಲ್ಲಿರಲಿ, ಡ್ರಾಪರ್ ಮಕ್ಕಳ ಕೈಗೆ ಕೊಡಿ. ಸರಿದೂಗಿಸುವ ಪಾಠ ಮುಗಿದ ದಿನ ಒಂದು ಪೀರಿಯಡ್ ಹನಿ ಎಣಿಸಲು ಬಿಡಿ. ಎಣಿಸಿದ್ದು 25 ಬರದಿದ್ದರೆ ತಿದ್ದಿಸಬೇಡಿ.