ಅಲುಗುವ ಸ್ಟೂಲಿನ ಅರ್ಥಶಾಸ್ತ್ರ

ಕೆಲವು ವರ್ಷಗಳ ಹಿಂದೆ, ಆಟಿ ತಿಂಗಳ ಗಾಳಿಮಳೆಗೆ, ಸುಳ್ಯ ತಾಲ್ಲೂಕಿನಲ್ಲಿರುವ ನಮ್ಮ ಹಿರಿಯರ ಮನೆಯ ಅಂಗಳದಂಚಿನ ಹಲಸಿನ ಮರ ಬುಡಸಹಿತ ಉರುಳಿಬಿತ್ತು. ಅಜ್ಜ ನೆಟ್ಟದ್ದೆಂದು ಮನೆಯವರು ಹೇಳುತ್ತಿದ್ದ ಮರ. ಬಿದ್ದ ಮೂರನೆಯ ದಿನವೇ ಮರದ ವ್ಯಾಪಾರಿಯೊಬ್ಬರು ಬಂದು, ಕಾಂಡಕ್ಕೆ ಟೇಪು ಸುತ್ತಿ, ಮನಸ್ಸಿನಲ್ಲೇ ಗುಣಾಕಾರ ಮಾಡಿ, ಒಂದು ಬೆಲೆ ಹೇಳಿದರು. ಅರ್ಥಶಾಸ್ತ್ರದಲ್ಲಿ ಎಂ.ಎ. ಮಾಡಿ, ಮೂರು ದಶಕಗಳಿಗೂ ಹೆಚ್ಚು ಕಾಲ ಸರ್ಕಾರಿ ಸೇವೆಯಲ್ಲಿ ಬೆಲೆಪಟ್ಟಿಗಳ ನಡುವೆಯೇ ಬದುಕಿದ ನನಗೆ ಆ ಗುಣಾಕಾರ ತಿಳಿಯಲಿಲ್ಲ. ಕೇಳಿದೆ. ಅವರು ಸಂಕೋಚವಿಲ್ಲದೆ ವಿವರಿಸಿದರು.

ಕಾಂಡದ ಸುತ್ತಳತೆಯ ಕಾಲುಭಾಗವನ್ನು ಅದರಿಂದಲೇ ಗುಣಿಸಿ, ಬಂದ ಮೊತ್ತವನ್ನು ಉದ್ದದಿಂದ ಗುಣಿಸುವುದು ಮರದ ವ್ಯಾಪಾರದ ಹಳೆಯ ಪದ್ಧತಿ. ನಮ್ಮ ಹಲಸಿನ ಸುತ್ತಳತೆ 6 ಅಡಿ, ನೇರವಾದ ಕಾಂಡದ ಉದ್ದ 10 ಅಡಿ. ಒಂದೂವರೆಯನ್ನು ಒಂದೂವರೆಯಿಂದ ಗುಣಿಸಿ, ಅದನ್ನು ಹತ್ತರಿಂದ ಗುಣಿಸಿದರೆ ಇಪ್ಪತ್ತೆರಡೂವರೆ ಘನ ಅಡಿ. ಶಾಲೆಯಲ್ಲಿ ಕಲಿತ ವೃತ್ತದ ಸೂತ್ರ ಹಾಕಿದರೆ ಅದೇ ಕಾಂಡ ಇಪ್ಪತ್ತೆಂಟೂವರೆ ಘನ ಅಡಿಗೂ ಮಿಗಿಲಾಗುತ್ತದೆ. ವ್ಯತ್ಯಾಸ ನೂರಕ್ಕೆ ಇಪ್ಪತ್ತೊಂದಕ್ಕಿಂತ ತುಸು ಹೆಚ್ಚು. ಇದನ್ನು ಮೋಸವೆನ್ನಲಾಗದು. ದುಂಡನೆಯ ಕಾಂಡವನ್ನು ಚೌಕವಾಗಿ ಸೀಳುವಾಗ ಹೊರಮೈ ವ್ಯರ್ಥವಾಗುತ್ತದೆಂದು ಆ ಪದ್ಧತಿ ಮೊದಲೇ ಕಳೆದುಬಿಡುತ್ತದೆ. ಆದರೆ ಅಂಗಳದ ಮರ ಮಾರುವ ಎಷ್ಟು ಕೃಷಿಕರಿಗೆ ಈ ಕಳೆಯುವ ಲೆಕ್ಕ ಗೊತ್ತು? ನನಗಂತೂ ಗೊತ್ತಿರಲಿಲ್ಲ. ಆ ದಿನ ಹಲಸನ್ನು ಮಾರುವುದಿಲ್ಲವೆಂದು ಹೇಳಿ ಅವರಿಗೆ ಚಹಾ ಕೊಟ್ಟು ಕಳುಹಿಸಿದೆ.

ಮಾರದ ಮರವನ್ನು ಏನು ಮಾಡುವುದೆಂಬ ಪ್ರಶ್ನೆ ಆಮೇಲೆ ಬಂತು. ಇಲಾಖೆಯ ಕಾಗದಪತ್ರ ಮುಗಿಸಿ, ಮರದ ಮಿಲ್ಲಿಗೆ ಒಯ್ದು ಒಂದೂವರೆ ಅಂಗುಲ ದಪ್ಪದ ಹಲಗೆಗಳಾಗಿ ಸೀಳಿಸಿದ್ದಾಯಿತು. ಹೊಸದಾಗಿ ಸೀಳಿದ ಹಲಸಿನ ಬಣ್ಣ ಅರಶಿನಕ್ಕೆ ಸಮ. ಅದರ ಹುಡಿಯಿಂದ ತೆಗೆದ ಬಣ್ಣದಲ್ಲಿ ಬರ್ಮಾ, ಥಾಯ್ಲೆಂಡುಗಳ ಬೌದ್ಧ ಭಿಕ್ಷುಗಳು ಚೀವರಕ್ಕೆ ಬಣ್ಣ ಕಟ್ಟುತ್ತಿದ್ದರೆಂದು ಓದಿದ್ದೆ. ನನ್ನ ಬಿಳಿ ಪಂಚೆಯ ಗತಿ ನೋಡಿದ ಮೇಲೆ ನಂಬಿಕೆ ಬಂತು. ಹಲಗೆಗಳ ನಡುವೆ ತೆಳುವಾದ ಪಟ್ಟಿಗಳನ್ನಿಟ್ಟು, ಗಾಳಿಯಾಡುವಂತೆ ಅಟ್ಟದಲ್ಲಿ ಪೇರಿಸಿದೆವು. ತುದಿಗಳಿಗೆ ಹಳೆಯ ಪೈಂಟು ಬಳಿದೆವು, ಏಕೆಂದರೆ ಮರ ತುದಿಯಿಂದಲೇ ಬೇಗ ಒಣಗಿ ಸೀಳುತ್ತದೆ. ಅಂಗುಲಕ್ಕೊಂದು ವರ್ಷವೆಂಬುದು ಬಡಗಿಗಳ ಲೆಕ್ಕ. ಅಂದರೆ ನನ್ನ ಮುಂದೆ ಹದಿನೆಂಟು ತಿಂಗಳಿತ್ತು.

ಪುತ್ತೂರು, ಸುಳ್ಯ, ಕಡಬದ ಹಳೆಯ ಮನೆಗಳಲ್ಲಿ ಬೆಳೆದವರಿಗೆ ಮರ ಅಪರಿಚಿತವೇನೂ ಅಲ್ಲ. ತಲೆಯ ಮೇಲೆ ಮರದ ಮುಚ್ಚಿಗೆ, ಚಾವಡಿಯಲ್ಲಿ ಭತ್ತ ತುಂಬುವ ಪತ್ತಾಯ, ಅಡುಗೆಮನೆಯಲ್ಲಿ ಮರಿಗೆ, ಹೆರೆಮಣೆ, ಊಟಕ್ಕೆ ಕೂರುವ ಮಣೆ. ಗೆದ್ದಲು ಬಾರದಂತೆ ಪಕ್ಕಾಸಿಗೆ ಗೇರುಬೀಜದ ಸಿಪ್ಪೆಯ ಎಣ್ಣೆ ಬಳಿಯುತ್ತಿದ್ದರು. ಅದು ಮೈಗೆ ತಗಲಿದರೆ ಚರ್ಮ ಸುಟ್ಟು ಗುಳ್ಳೆಯೇಳುತ್ತದೆಂದು ಮಕ್ಕಳನ್ನು ದೂರ ಅಟ್ಟುತ್ತಿದ್ದುದೂ ನೆನಪಿದೆ. ಅಡಿಕೆ ಮರ ಮುದಿಯಾದರೆ ಅದನ್ನು ಸೀಳಿ ಸಲಾಕೆ ಮಾಡಿ, ಎರಡು ಗೂಟಗಳ ಮೇಲೆ ಹಾಸಿ ಅಂಗಳದ ಬೆಂಚು ಮಾಡುವುದು ಯಾವ ಕೃಷಿಕನಿಗೂ ಗೊತ್ತಿದ್ದ ವಿದ್ಯೆ. ಕತ್ತಿಯ ಹಿಡಿಗೂ ಏಣಿಗೂ ಯಾರೂ ಆಚಾರಿಯನ್ನು ಕರೆಯುತ್ತಿರಲಿಲ್ಲ. ಕೃಷಿಭೂಮಿಗೆ ತಾಗಿದ ಕುಮ್ಕಿಯಿಂದ ಸೊಪ್ಪು ತರುವ ಸವಲತ್ತು ಈ ಜಿಲ್ಲೆಯವರಿಗೆ ಇತ್ತು. ಆ ಸವಲತ್ತುಗಳನ್ನು 1964ರ ಕರ್ನಾಟಕ ಭೂಕಂದಾಯ ಕಾಯಿದೆಯೂ ಉಳಿಸಿಕೊಂಡಿತು. ಪುತ್ತೂರಿನ ಬಾಲವನದಲ್ಲಿ ಶಿವರಾಮ ಕಾರಂತರು ಮಕ್ಕಳ ಶಿಕ್ಷಣದ ಪ್ರಯೋಗ ನಡೆಸಿದ್ದು ಇಂಥದೊಂದು ಊರಿನಲ್ಲಿ. ಆದರೆ ನನ್ನಂಥವರು ಪುಸ್ತಕ ಹಿಡಿದು ಊರು ಬಿಟ್ಟೆವು, ಮರಳುವಾಗ ನಗರದಿಂದ ಒತ್ತುಹಲಗೆಯ ಮಂಚ ತಂದೆವು. ವರ್ಷಕ್ಕೆ ಮೂರೂವರೆ, ನಾಲ್ಕು ಸಾವಿರ ಮಿಲಿಮೀಟರ್ ಮಳೆ ಸುರಿಯುವ ಸೀಮೆಯಲ್ಲಿ ಅಂಥ ಮಂಚ ಎರಡೇ ಮಳೆಗಾಲಕ್ಕೆ ನೆನೆದ ಅವಲಕ್ಕಿಯಂತೆ ಉಬ್ಬಿತು.

ಹಲಗೆ ಒಣಗುವವರೆಗೆ ಕೈ ಪಳಗಲೆಂದು ಊರಿನ ಹಿರಿಯ ಆಚಾರ್ಯರೊಬ್ಬರ ಬಳಿ ಹೋದೆ. ವಯಸ್ಸು ಎಂಬತ್ತರ ಸಮೀಪ. ಕೀಸುಳಿ ಹಿಡಿದು ಬೇಗನೆ ಏನಾದರೂ ಮಾಡುವ ಉತ್ಸಾಹ ನನ್ನದು. ಅವರು ಮೊದಲ ಒಂದು ತಿಂಗಳು ಸಾಣೆಕಲ್ಲು ಬಿಟ್ಟು ಬೇರೇನನ್ನೂ ಮುಟ್ಟಗೊಡಲಿಲ್ಲ. ಉಳಿಯನ್ನು ಒಂದೇ ಓರೆಯಲ್ಲಿ ಹಿಡಿದು ಉಜ್ಜಬೇಕು. ಮಣಿಕಟ್ಟು ಅಲುಗಿದರೆ ಅಂಚು ದುಂಡಗಾಗುತ್ತದೆ. ಹರಿತವಾಯಿತೇ ಎಂದು ಅವರು ಮುಂಗೈಯ ರೋಮ ಬೋಳಿಸಿ ನೋಡುತ್ತಿದ್ದರು. ಹೊಸಬರಿಗೆ ಗಾಯವಾಗುವುದು ಹರಿತವಾದ ಉಳಿಯಿಂದಲ್ಲ, ಮೊಂಡು ಉಳಿಯಿಂದ. ಬಲ ಹಾಕಿ ನೂಕಿದಾಗ ಅದು ಜಾರುತ್ತದೆ. ನನ್ನ ಎಡಗೈ ಹೆಬ್ಬೆರಳಿನಲ್ಲಿ ಇದಕ್ಕೆ ಸಾಕ್ಷಿಯಿದೆ.

ಮೊದಲ ಕೃತಿ ಮಣೆ. ಒಂದು ಹಲಗೆ, ಅಡಿಗೆ ಎರಡು ಪಟ್ಟಿ; ಕೆಡಿಸಲು ಅದರಲ್ಲಿ ಹೆಚ್ಚೇನೂ ಇಲ್ಲ. ಎರಡನೆಯದು ನಾಲ್ಕು ಕಾಲಿನ ಸ್ಟೂಲು. ಒಂದು ಮರದ ತುದಿಯನ್ನು ನಾಲಗೆಯಂತೆ ಕೆತ್ತಿ ಇನ್ನೊಂದರಲ್ಲಿ ಕೊರೆದ ಕುಳಿಗೆ ಕೂರಿಸುವ ಜೋಡಣೆ ಇಲ್ಲಿ ಬೇಕು. ಕುಳಿ ಕೂದಲೆಳೆಯಷ್ಟು ಓರೆಯಾದರೂ ಕಾಲಿನ ತುದಿಯಲ್ಲಿ ಅದು ಬೆರಳಷ್ಟು ಓರೆಯಾಗಿ ಕಾಣುತ್ತದೆ. ನನ್ನ ನಾಲ್ಕು ಕುಳಿಗಳೂ ನಾಲ್ಕು ದಿಕ್ಕು ನೋಡುತ್ತಿದ್ದವು. ಸ್ಟೂಲು ಅಲುಗಿತು. ಉದ್ದವಾದ ಕಾಲನ್ನು ತುಸು ಕತ್ತರಿಸಿದೆ, ಇನ್ನೊಂದು ಉದ್ದವಾಯಿತು. ಹೀಗೆ ಸುತ್ತು ಹಾಕುತ್ತ ಸ್ಟೂಲು ಮಣೆಯಾಗುವ ಲಕ್ಷಣ ಕಂಡಾಗ ಆಚಾರ್ಯರು ಗರಗಸ ಕಿತ್ತುಕೊಂಡರು. ‘ನಾಲ್ಕು ಕಾಲಿಗೆ ಹೋದದ್ದು ಯಾಕೆ ಸಾರ್? ಮೂರು ಕಾಲು ಎಲ್ಲಿ ಇಟ್ರೂ ನಿಲ್ತದೆ’ ಎಂದರು. ಮೂರು ಬಿಂದುಗಳು ಯಾವಾಗಲೂ ಒಂದೇ ಸಮತಲದಲ್ಲಿರುತ್ತವೆಂಬುದು ನಾನು ಹೈಸ್ಕೂಲಿನಲ್ಲೇ ಓದಿದ ರೇಖಾಗಣಿತ. ಅದಕ್ಕೆ ಇಂಥದೊಂದು ಉಪಯೋಗ ಇರಬಹುದೆಂದು ಯಾರೂ ಹೇಳಿರಲಿಲ್ಲ.

ಮೊಳೆ, ಸ್ಕ್ರೂ ಇರುವಾಗ ಈ ಕೆತ್ತನೆಯ ಕಷ್ಟ ಏಕೆ ಎಂದು ಕೇಳುವವರಿದ್ದಾರೆ. ಉತ್ತರ ಕಡಬ ತಾಲ್ಲೂಕಿನಲ್ಲೇ ಇದೆ. ಕುಕ್ಕೆ ಸುಬ್ರಹ್ಮಣ್ಯದ ರಥವನ್ನು ಷಷ್ಠಿಗೆ ಮುನ್ನ ಮಲೆಕುಡಿಯರು ಕಾಡಿನ ಬೆತ್ತದಿಂದ ಬಿಗಿದು ಕಟ್ಟುತ್ತಾರೆ. ಸಾವಿರಾರು ಜನ ಎಳೆಯುವಾಗ ಆ ಕಟ್ಟು ಅಷ್ಟಿಷ್ಟು ಬಾಗಿ, ಹೊರೆಯನ್ನು ಹಂಚಿಕೊಂಡು, ಮತ್ತೆ ಬಿಗಿಯಾಗುತ್ತದೆ. ಮರದೊಡನೆ ವ್ಯವಹರಿಸುವಾಗ ಅದಕ್ಕೆ ಅಲುಗಲು ಸ್ವಲ್ಪ ಎಡೆ ಬಿಡಬೇಕೆಂಬುದನ್ನು ನಾನು ನಷ್ಟಮಾಡಿಕೊಂಡೇ ಕಲಿತೆ. ಶ್ರಾವಣದ ಬಿಡುವಿನಲ್ಲಿ ಒಂದು ಓದುವ ಮೇಜು ಮಾಡಿ, ಮೇಲಿನ ಹಲಗೆಯನ್ನು ಚೌಕಟ್ಟಿಗೆ ಎಂಟು ಸ್ಕ್ರೂಗಳಿಂದ ಬಿಗಿದೆ. ಫಾಲ್ಗುಣದ ಒಂದು ರಾತ್ರಿ ಕೋವಿ ಹಾರಿದಂಥ ಸದ್ದು. ಬೆಳಿಗ್ಗೆ ನೋಡಿದರೆ ಹಲಗೆ ಈ ತುದಿಯಿಂದ ಆ ತುದಿಗೆ ಸೀಳಿತ್ತು. ಮರ ಉದ್ದಕ್ಕೆ ಬೆಳೆಯುವುದೂ ಇಲ್ಲ, ಕುಗ್ಗುವುದೂ ಇಲ್ಲ ಎನ್ನಬಹುದು. ಆದರೆ ಅಡ್ಡಕ್ಕೆ ಮಳೆಗಾಲದಲ್ಲಿ ಹಿಗ್ಗಿ ಬೇಸಿಗೆಯಲ್ಲಿ ಕುಗ್ಗುತ್ತದೆ. ನಾನು ಹಿಗ್ಗಿದ ಹಲಗೆಯನ್ನು ಎಲ್ಲ ಕಡೆ ಕಟ್ಟಿಹಾಕಿದ್ದೆ. ‘ಒಂದು ಕಡೆ ಗಟ್ಟಿ ಹಿಡೀಬೇಕು, ಇನ್ನೊಂದು ಕಡೆ ಬಿಡಬೇಕು. ಅದಕ್ಕೆ ಹೋಗ್ಲಿಕ್ಕೆ ಬರ್ಲಿಕ್ಕೆ ಜಾಗ ಬೇಡ್ವಾ ಸಾರ್?’ ಎಂದು ಆಚಾರ್ಯರು ಕೇಳಿದರು.

ಈಗ ಲೆಕ್ಕಕ್ಕೆ ಬರೋಣ. ಕೀಸುಳಿ, ಮೂರು ಉಳಿ, ಗರಗಸ, ಮೂಲೆಮಟ್ಟ, ಕ್ಲ್ಯಾಂಪು, ಸಾಣೆಕಲ್ಲು ಎಲ್ಲ ಸೇರಿ ಏಳೂವರೆ ಸಾವಿರ ರೂಪಾಯಿ. ಮೂರು ಕಾಲಿನ ಸ್ಟೂಲಿಗೆ ಹಿಡಿದ ಸಮಯ 46 ಗಂಟೆ. ಪುತ್ತೂರಿನ ಪೇಟೆಯಲ್ಲಿ ಪ್ಲಾಸ್ಟಿಕ್ ಸ್ಟೂಲು ಕೆಲವೇ ನೂರು ರೂಪಾಯಿಗೆ ಸಿಗುತ್ತದೆ. ಶ್ರಮವಿಭಜನೆಯ ಲಾಭವನ್ನು ಆ್ಯಡಂ ಸ್ಮಿತ್ 1776ರಲ್ಲೇ ಗುಂಡುಸೂಜಿಯ ಉದಾಹರಣೆ ಕೊಟ್ಟು ವಿವರಿಸಿದ್ದಾನೆ. ಆ ನ್ಯಾಯದ ಪ್ರಕಾರ ನನ್ನ ಸ್ಟೂಲು ಶುದ್ಧ ಅವಿವೇಕ. ತಾವೇ ಜೋಡಿಸಿದ ವಸ್ತುವಿಗೆ ಜನ ಅದರ ಯೋಗ್ಯತೆ ಮೀರಿದ ಬೆಲೆ ಕಟ್ಟುತ್ತಾರೆಂದು ಅಮೆರಿಕದ ಸಂಶೋಧಕರು ತೋರಿಸಿ, ಪೀಠೋಪಕರಣ ಕಂಪನಿಯೊಂದರ ಹೆಸರಿನಲ್ಲಿ ಅದನ್ನು ‘ಐಕಿಯಾ ಪರಿಣಾಮ’ ಎಂದು ಕರೆದಿದ್ದಾರೆ. ಆ ಕಂಪನಿ 2022ರಲ್ಲಿ ಬೆಂಗಳೂರಿಗೂ ಬಂತು. ನನ್ನ ಸ್ಟೂಲಿನ ಬಗ್ಗೆ ನನಗಿರುವ ಮಮತೆಗೂ ಇದೇ ಕಾರಣವಿರಬಹುದು, ಅಲ್ಲಗಳೆಯಲಾರೆ. ಆದರೆ ಆ 46 ಗಂಟೆಗಳು ನನಗೆ ಬೇರೊಂದು ಹಳೆಯ ಲೆಕ್ಕವನ್ನು ನೆನಪಿಸಿದವು.

ಸೇವೆಯ ಮೊದಲ ವರ್ಷಗಳಲ್ಲಿ ಬಯಲುಸೀಮೆಯ ತಾಲ್ಲೂಕೊಂದರಲ್ಲಿದ್ದೆ. ಶಾಲೆಯೊಂದಕ್ಕೆ 24 ಬೆಂಚು ಮಾಡಿಕೊಟ್ಟ ಬಡಗಿ, ಬೆಂಚಿಗೆ ಮೂರು ದಿನದಂತೆ ಕೂಲಿಯ ಬಿಲ್ಲು ಸಲ್ಲಿಸಿದ್ದ. ನಾಲ್ಕು ಕಾಲು, ಒಂದು ಹಲಗೆಗೆ ಮೂರು ದಿನ ಏಕೆಂದು ನನಗೆ ಅನುಮಾನ. ಒಂದೂವರೆ ದಿನ ಸಾಕೆಂದು ಟಿಪ್ಪಣಿ ಬರೆದು ಸಹಿ ಮಾಡಿದೆ. ಆತ ಮೇಜಿನ ಮುಂದೆ ನಿಂತು, ‘ಕಾಲು ಕುಂದ್ರಸಾಕ ಒಂದು ದಿನ ಬೇಕ್ರೀ ಸಾಹೇಬ್ರ’ ಎಂದ. ನಾನು ತಲೆಯೆತ್ತಲಿಲ್ಲ. 24 ಬೆಂಚು, ಬೆಂಚಿಗೆ ಒಂದೂವರೆ ದಿನ: ಒಟ್ಟು 36 ದಿನಗಳ ಕೂಲಿ. ಸರ್ಕಾರಕ್ಕೆ ಉಳಿತಾಯವಾಯಿತೆಂದು ಮೇಲಿನವರು ಮೆಚ್ಚಿದರು, ನಾನೂ ಹಿಗ್ಗಿದೆ. ಆ ಮನುಷ್ಯನ ಹೆಸರು ಈಗ ನೆನಪಿಲ್ಲ. ಕಡತ ಎಂದೋ ನಾಶವಾಗಿರಬೇಕು. ಕುಳಿ ಕೊರೆದು ಕಾಲು ಕೂರಿಸಲು ಎಷ್ಟು ಹೊತ್ತು ಬೇಕೆಂಬುದು ನನಗೆ ತಿಳಿದದ್ದು ಅರವತ್ತು ದಾಟಿದ ಮೇಲೆ.

ಹವ್ಯಾಸದ ಬಡಗಿಗಳು ಹೆಚ್ಚಾದರೆ ಆಚಾರಿಗಳ ಅನ್ನಕ್ಕೆ ಕುತ್ತಲ್ಲವೇ ಎಂಬ ಮಾತನ್ನೂ ಕೇಳಿದ್ದೇನೆ. ನಮ್ಮಂಥವರ ಸ್ಟೂಲು ನೋಡಿದವರಿಗೆ ಆ ಭಯ ಉಳಿಯದು. ಕುತ್ತು ಇರುವುದು ಬೇರೆಡೆ. ನನ್ನ ಗುರುಗಳ ಮಕ್ಕಳಿಬ್ಬರೂ ಉಳಿ ಹಿಡಿಯಲಿಲ್ಲ. ಹಿಡಿದ ಕಿರಿಯರಿಗೂ ನಗರದ ಒಳಾಂಗಣಗಳಲ್ಲಿ ಪ್ಲೈವುಡ್ ಕತ್ತರಿಸಿ ಅಂಟಿಸುವ ಕೆಲಸ. 2023ರ ಸೆಪ್ಟೆಂಬರಿನಲ್ಲಿ ಆರಂಭವಾದ ಪಿಎಂ ವಿಶ್ವಕರ್ಮ ಯೋಜನೆಯ ಹದಿನೆಂಟು ಕಸುಬುಗಳಲ್ಲಿ ಬಡಗಿತನವೂ ಒಂದು. ಕೆಲವು ದಿನಗಳ ತರಬೇತಿ, ದಿನಕ್ಕೆ 500 ರೂಪಾಯಿ ಭತ್ಯೆ, 15 ಸಾವಿರ ರೂಪಾಯಿಯ ಉಪಕರಣ, ಎರಡು ಕಂತುಗಳಲ್ಲಿ ಮೂರು ಲಕ್ಷದವರೆಗೆ ಸಾಲ. ಒಳ್ಳೆಯ ಯೋಜನೆಯೇ. ಆದರೆ ಉಪಕರಣ ಕೊಟ್ಟವರು ಕೆಲಸವನ್ನೂ ಕೊಡಬೇಕು. ಅಂಗನವಾಡಿಯ ಮಣೆ, ಶಾಲೆಯ ಬೆಂಚು, ಪಂಚಾಯಿತಿಯ ಕಪಾಟು ಇವನ್ನು ಊರಿನ ಮರದಿಂದ ಊರಿನ ಬಡಗಿಯೇ ಮಾಡುವಂತೆ, ಅದೂ ದಿನಗಳ ಲೆಕ್ಕ ತಿಳಿದವರು ನಿಗದಿ ಮಾಡಿದ ದರದಲ್ಲಿ ಆಗುವಂತೆ, ನಿಯಮ ರೂಪಿಸುವುದು ಅಸಾಧ್ಯವೇನಲ್ಲ.

ಮರಕ್ಕೂ ಕೊರತೆಯಿಲ್ಲ. 1964ರ ಶಾಸ್ತ್ರಿ–ಸಿರಿಮಾವೋ ಒಪ್ಪಂದದ ಬಳಿಕ ಶ್ರೀಲಂಕಾದಿಂದ ಮರಳಿದ ತಮಿಳರ ಪುನರ್ವಸತಿಗಾಗಿ ಬೆಳೆಸಿದ ಸರ್ಕಾರಿ ರಬ್ಬರ್ ತೋಟಗಳು ಸುಳ್ಯ, ಪುತ್ತೂರು ಸೀಮೆಯಲ್ಲಿವೆ. ಖಾಸಗಿ ತೋಟಗಳಂತೂ ಧಾರಾಳ. ರಬ್ಬರ್ ಮರ ಇಪ್ಪತ್ತೈದು–ಮೂವತ್ತು ವರ್ಷ ಹಾಲು ಕೊಟ್ಟ ಮೇಲೆ ಕಡಿಯುವಂಥದೇ. 1976ರ ವೃಕ್ಷ ಸಂರಕ್ಷಣಾ ಕಾಯಿದೆಯ ಅನುಮತಿಯಿಂದ ಅದಕ್ಕೆ ವಿನಾಯಿತಿಯೂ ಉಂಟು. ಆದರೆ ಮನೆಯಲ್ಲಿ ಕಲಿಯುವವರು ಹಸಿ ರಬ್ಬರ್ ಮರಕ್ಕೆ ಕೈ ಹಾಕದಿರುವುದು ಕ್ಷೇಮ. ಕಡಿದ ಕೆಲವೇ ದಿನಗಳಲ್ಲಿ ನೀಲಿಗಟ್ಟಿ ಹುಳ ಹಿಡಿಯುತ್ತದೆ. ಬೋರಾಕ್ಸ್, ಬೋರಿಕ್ ಆಮ್ಲದ ದ್ರಾವಣವನ್ನು ಒತ್ತಡದಲ್ಲಿ ತುಂಬಿ ಒಣಗಿಸಿದರೆ ಅದೇ ಮರ ಅಂದವಾದ ಕುರ್ಚಿಯಾಗುತ್ತದೆ. ಹಾಗೆ ಸಂಸ್ಕರಿಸಿದ ಮರದ ಒಂದು ಪಾಲಾದರೂ ಇಲ್ಲಿನ ಬಡಗಿಗಳಿಗೆ, ಕೈಪಳಗಿಸಿಕೊಳ್ಳುವ ಶಾಲಾಮಕ್ಕಳಿಗೆ ನ್ಯಾಯವಾದ ಬೆಲೆಗೆ ಸಿಗಲಿ.

ಸೀಳಿದ ಮೇಜಿನ ಹಲಗೆಯನ್ನು ಆಚಾರ್ಯರ ಸಲಹೆಯಂತೆ ಬಿಚ್ಚಿ, ಅಂಟು ಹಾಕಿ, ಸ್ಕ್ರೂವಿನ ತೂತುಗಳನ್ನು ಅಡ್ಡಕ್ಕೆ ಉದ್ದ ಮಾಡಿ ಮತ್ತೆ ಕೂರಿಸಿದ್ದೇನೆ. ಇದನ್ನು ಬರೆಯುತ್ತಿರುವುದು ಅದರ ಮೇಲೆಯೇ. ಅಟ್ಟದಲ್ಲಿ ಇನ್ನೂ ನಾಲ್ಕು ಹಲಗೆಗಳಿವೆ. ಅರಶಿನ ಬಣ್ಣ ಮಾಸಿ ಕಂದು ತಿರುಗಿದೆ. ಅವುಗಳಿಂದ ಹತ್ತಿರದ ಶಾಲೆಗೆ ಒಂದು ಬೆಂಚು ಮಾಡಿಕೊಡುವ ಯೋಚನೆಯಿದೆ. ಎಷ್ಟು ದಿನ ಹಿಡಿಯುತ್ತದೆಂದು ಬರೆದಿಡಲು ಹಳೆಯ ಡೈರಿಯೊಂದನ್ನು ತೆಗೆದಿಟ್ಟಿದ್ದೇನೆ. ಆಚಾರ್ಯರ ಅಂದಾಜು ಕೇಳಿದೆ. ‘ನಾನಾದ್ರೆ ಮೂರು ದಿನ. ನೀವಾದ್ರೆ ಮೂರು ತಿಂಗಳು’ ಎಂದು ಎಲೆಯಡಿಕೆ ಬಾಯಿಗೆ ಹಾಕಿಕೊಂಡರು.