ಬಲಹೀನತೆಯೇ ಬಲವಾದಾಗ

ದೇವರನ್ನು ನಂಬಿದವರಿಗೂ ಕಷ್ಟವೇಕೆ ಎಂಬ ಪ್ರಶ್ನೆ ಬಹಳ ಹಳೆಯದು. ಸಂತ ಪೌಲನು ತನ್ನನ್ನು ಬಾಧಿಸುತ್ತಿದ್ದ ಶರೀರದ ಶೂಲವನ್ನು ತೆಗೆಯೆಂದು ಮೂರು ಬಾರಿ ಬೇಡಿದ. ಅದು ಹೋಗಲಿಲ್ಲ. ಆದರೆ ಆ ಬಲಹೀನತೆಯೇ ದೇವರ ಶಕ್ತಿ ನೆಲೆಸುವ ಠಾವೆಂದು ಅವನಿಗೆ ತಿಳಿಯಿತು. ಕೊರಿಂಥದವರಿಗೆ ಬರೆದ ಎರಡನೆಯ ಪತ್ರಿಕೆಯಲ್ಲಿ ಇದನ್ನು ಕಾಣುತ್ತೇವೆ.

ಇದಕ್ಕೆ ನಿದರ್ಶನ ಹುಡುಕಲು ನಾವು ದೂರ ಹೋಗಬೇಕಾಗಿಲ್ಲ. ಕೊಚ್ಚಿ ಸೀಮೆಯಲ್ಲಿ 1925ರಲ್ಲಿ ಹುಟ್ಟಿದ ಡಾ. ಮೇರಿ ವರ್ಗೀಸ್, ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನ ವೈದ್ಯೆ. 1954ರ ವಾಹನ ಅಪಘಾತದಲ್ಲಿ ಬೆನ್ನುಹುರಿಗೆ ಪೆಟ್ಟಾಗಿ ಅವರ ಎರಡು ಕಾಲುಗಳೂ ಸ್ವಾಧೀನ ತಪ್ಪಿದವು. ಡಾ. ಪಾಲ್ ಬ್ರ್ಯಾಂಡ್ ಅಲ್ಲಿ ಕುಷ್ಠರೋಗದಿಂದ ಮುರುಟಿದ ಕೈಗಳಿಗೆ ಶಸ್ತ್ರಚಿಕಿತ್ಸೆ ಮಾಡುತ್ತಿದ್ದರು. ಅದು ಕುಳಿತೇ ಮಾಡಬಹುದಾದ ಕೆಲಸ. ಮೇರಿಯವರು ಗಾಲಿಕುರ್ಚಿಯಲ್ಲಿ ಕುಳಿತು ಅದನ್ನು ಕೈಗೊಂಡರು. ಮುಂದೆ ನ್ಯೂಯಾರ್ಕಿನಲ್ಲಿ ತರಬೇತಿ ಪಡೆದು ಬಂದು, ತಮ್ಮಂತೆ ಅಂಗಸ್ವಾಧೀನ ಕಳೆದುಕೊಂಡವರಿಗಾಗಿ ವೆಲ್ಲೂರಿನಲ್ಲಿ ದುಡಿದರು. ಅಲ್ಲಿನ ಪುನರ್ವಸತಿ ಕೇಂದ್ರ 1966ರಲ್ಲಿ ತೆರೆಯಿತು. 1972ರಲ್ಲಿ ಪದ್ಮಶ್ರೀ ಬಂತು. 1986ರಲ್ಲಿ ಅವರು ತೀರಿಕೊಂಡರು. ಕಾಲುಗಳು ಕೊನೆಯವರೆಗೂ ಮರಳಲಿಲ್ಲ.

ನೋವು ಒಳ್ಳೆಯದೆಂದು ನಾವು ಹೇಳುತ್ತಿಲ್ಲ. ಮಂಚ ಹಿಡಿದವರ ಮುಂದೆ ಹಾಗೆ ಹೇಳುವುದು ಕ್ರೌರ್ಯವೇ ಸರಿ. ಆದರೆ ಮರಣವನ್ನು ಗೆದ್ದು ಎದ್ದ ಯೇಸುವಿನ ಕೈಗಳಲ್ಲೂ ಮೊಳೆಯ ಗುರುತು ಉಳಿದಿತ್ತು. ಸಂಶಯಪಟ್ಟಿದ್ದ ತೋಮನು ನಂಬಿದ್ದು ಆ ಗುರುತನ್ನು ಕಂಡ ಮೇಲೆಯೇ. ತನ್ನ ಗಾಯವನ್ನು ಮುಚ್ಚಿಡದವನ ಕೈಯನ್ನು ಗಾಯಗೊಂಡ ಇನ್ನೊಬ್ಬ ಅಂಜದೆ ಹಿಡಿಯುತ್ತಾನೆ. ಬಲಹೀನತೆಯಲ್ಲಿ ಬಲವಿದೆಯೆಂದರೆ ಇಷ್ಟೇ ಅರ್ಥವೆಂದು ನಾವು ತಿಳಿಯುತ್ತೇವೆ.