ಮಾತು ತಡವಾದ ಮಗು

ತೊಟ್ಟಿಲಿಗೆ ಹಾಕಿದ ದಿನದಿಂದಲೇ ಮನೆಯ ಹಿರಿಯರು ಮಗುವಿನ ಮೊದಲ ನುಡಿಗಾಗಿ ಕಾಯತೊಡಗುತ್ತಾರೆ. ಮಗು ಮಗುಚಿತು, ಅಂಬೆಗಾಲಿಟ್ಟಿತು, ಗೋಡೆ ಹಿಡಿದು ನಿಂತಿತು, ನಡೆಯಿತು ಎಂದು ಒಂದೊಂದು ಹಂತವೂ ಮನೆಗೆ ಹಬ್ಬವಾಗುತ್ತದೆ. ಆದರೆ ವರ್ಷ ಎರಡು ತುಂಬಿದರೂ ‘ಅವ್ವ’ ಎಂಬ ಒಂದು ನುಡಿ ಬಾರದಿದ್ದಲ್ಲಿ ಆ ಮನೆಯ ಸಂತೋಷಕ್ಕೆ ಮೋಡ ಕವಿಯುತ್ತದೆ. ತಾಯಿ ಒಳಗೊಳಗೇ ಕೊರಗುತ್ತಾಳೆ. “ಇವನಪ್ಪನೂ ಮೂರು ತುಂಬಿದ ಮೇಲೇ ಮಾತಾಡಿದ್ದು, ಸುಮ್ಮನಿರವ್ವ” ಎಂದು ಅಜ್ಜಿ ಸಮಾಧಾನ ಹೇಳುತ್ತಾಳೆ. ನೆರೆಮನೆಯವರು ಬಜೆ ತೇಯ್ದು ನಾಲಿಗೆಗೆ ಹಚ್ಚಲು ಸೂಚಿಸುತ್ತಾರೆ. ಮತ್ತೊಬ್ಬರು ನಾಲಿಗೆಯ ಕೆಳಗಿನ ನರ ಕತ್ತರಿಸಬೇಕೆನ್ನುತ್ತಾರೆ. ಇನ್ನೊಬ್ಬರು ಹರಕೆ ಹೊರಲು ಹೇಳುತ್ತಾರೆ. ಯಾರ ಮಾತಿನಲ್ಲಿಯೂ ಕೆಟ್ಟ ಉದ್ದೇಶವಿರುವುದಿಲ್ಲ. ಆದರೆ ಈ ಸಮಾಧಾನಗಳ ನಡುವೆ ಒಂದು ವರ್ಷ ಕಳೆದುಹೋಗುತ್ತದೆ. ಮಗುವಿನ ಜೀವನದಲ್ಲಿ ಆ ಒಂದು ವರ್ಷದ ಬೆಲೆ ಎಷ್ಟೆಂಬುದನ್ನು ಪಾಲಕರೂ ಶಿಕ್ಷಕರೂ ಅರಿತಿರುವುದು ಅಗತ್ಯ.

ಬಾಯಿಗಿಂತ ಮೊದಲು ಕಿವಿ

ಮಾತು ಬಾಯಿಯ ಕೆಲಸವೆಂದು ತೋರಿದರೂ ಅದರ ಆರಂಭ ಕಿವಿಯಲ್ಲಿದೆ. ಗರ್ಭದ ಆರೇಳು ತಿಂಗಳ ಹೊತ್ತಿಗೇ ಶಿಶುವಿನ ಕಿವಿ ಕೆಲಸಮಾಡತೊಡಗುತ್ತದೆ. ಹುಟ್ಟಿ ಮೂರು ದಿನವೂ ಆಗದ ಶಿಶುಗಳು ಪರಸ್ತ್ರೀಯ ದನಿಗಿಂತ ಹೆತ್ತ ತಾಯಿಯ ದನಿಯನ್ನೇ ಹೆಚ್ಚು ಬಯಸುತ್ತವೆ ಎಂಬುದನ್ನು ಡಿಕ್ಯಾಸ್ಪರ್ ಮತ್ತು ಫಿಫರ್ ಎಂಬ ಅಮೆರಿಕದ ವಿಜ್ಞಾನಿಗಳು 1980ರಲ್ಲಿ ತೋರಿಸಿಕೊಟ್ಟರು.

ಕನ್ನಡಿಗರಿಗೆ ವಿಶೇಷ ಆಸಕ್ತಿಯ ಇನ್ನೊಂದು ಪ್ರಯೋಗ ಕೆನಡಾದಲ್ಲಿ ನಡೆಯಿತು. ದಂತ್ಯವಾದ ‘ತ’ಕಾರಕ್ಕೂ ಮೂರ್ಧನ್ಯವಾದ ‘ಟ’ಕಾರಕ್ಕೂ ಇರುವ ಭೇದ ಕನ್ನಡದಲ್ಲಿರುವಂತೆಯೇ ಹಿಂದಿಯಲ್ಲಿಯೂ ಉಂಟು, ಇಂಗ್ಲಿಷಿನಲ್ಲಿ ಇಲ್ಲ. ಜಾನೆಟ್ ವರ್ಕರ್ ಮತ್ತು ರಿಚರ್ಡ್ ಟೀಸ್ ಎಂಬವರು ಹಿಂದಿಯ ಈ ಎರಡು ಧ್ವನಿಗಳನ್ನು ಇಂಗ್ಲಿಷ್ ಮನೆಗಳ ಶಿಶುಗಳಿಗೆ ಕೇಳಿಸಿ, ತಮ್ಮ ಫಲಿತಾಂಶವನ್ನು 1984ರಲ್ಲಿ ಪ್ರಕಟಿಸಿದರು. ಆರರಿಂದ ಎಂಟು ತಿಂಗಳ ಶಿಶುಗಳು ಆ ಭೇದವನ್ನು ಸುಲಭವಾಗಿ ಗುರುತಿಸಿದವು. ಹತ್ತರಿಂದ ಹನ್ನೆರಡು ತಿಂಗಳ ಶಿಶುಗಳಲ್ಲಿ ಬಹುಪಾಲಿಗೆ ಅದು ಸಾಧ್ಯವಾಗಲಿಲ್ಲ. ಅಂದರೆ ಮೊದಲ ವರ್ಷ ಮುಗಿಯುವುದರೊಳಗೆ ಶಿಶುವಿನ ಮಿದುಳು ತನ್ನ ಮನೆಯ ಭಾಷೆಗೆ ಬೇಕಾದ ಧ್ವನಿಗಳನ್ನು ಉಳಿಸಿಕೊಂಡು, ಉಳಿದವುಗಳತ್ತ ಗಮನವನ್ನು ಕಡಿಮೆ ಮಾಡಿರುತ್ತದೆ. ಒಂದು ಮಾತನ್ನೂ ಆಡದ ಆ ವರ್ಷದಲ್ಲಿ ಭಾಷೆಯ ಅಡಿಗಲ್ಲು ಬಿದ್ದಿರುತ್ತದೆ. ಕಿವಿಯೇ ಕೇಳದ ಮಗುವಿಗೆ ಈ ಅಡಿಗಲ್ಲು ದೊರೆಯುವುದಾದರೂ ಹೇಗೆ?

ಮಾತು ಬರುವ ಕ್ರಮ

ಎಲ್ಲ ಮಕ್ಕಳೂ ಒಂದೇ ದಿನ ನಡೆಯುವುದಿಲ್ಲ. ಎಲ್ಲರೂ ಒಂದೇ ದಿನ ನುಡಿಯುವುದೂ ಇಲ್ಲ. ಆದರೂ ಇದಕ್ಕೊಂದು ಸಾಮಾನ್ಯ ಕ್ರಮವಿದೆ. ಎರಡು ಮೂರು ತಿಂಗಳಿಗೆ ಶಿಶು ‘ಊಂ’, ‘ಆ’ ಎಂದು ದನಿಗೂಡಿಸುತ್ತದೆ. ಏಳೆಂಟು ತಿಂಗಳ ಹೊತ್ತಿಗೆ ‘ಬಬಬ’, ‘ಮಮಮ’ ಎಂದು ಉಲಿಯುತ್ತದೆ. ವರ್ಷ ತುಂಬುವ ಸುಮಾರಿಗೆ ಹೆಸರು ಕರೆದರೆ ತಿರುಗಿ ನೋಡುತ್ತದೆ, ಬೇಕಾದುದನ್ನು ಬೆರಳು ಮಾಡಿ ತೋರಿಸುತ್ತದೆ, ಟಾಟಾ ಮಾಡುತ್ತದೆ, ಒಂದೆರಡು ಅರ್ಥವುಳ್ಳ ಪದಗಳನ್ನಾಡುತ್ತದೆ. ಎರಡು ತುಂಬುವಾಗ ಸುಮಾರು ಐವತ್ತು ಪದಗಳು ಬಂದಿದ್ದು, ‘ಅಪ್ಪ ಬಂದ’, ‘ಹಾಲು ಬೇಕು’ ಎಂದು ಎರಡೆರಡನ್ನು ಜೋಡಿಸತೊಡಗುತ್ತದೆ. ಮೂರು ವರ್ಷದ ಮಗುವಿನ ಮಾತು ಮನೆಗೆ ಬಂದ ಅಪರಿಚಿತರಿಗೂ ಬಹುಮಟ್ಟಿಗೆ ತಿಳಿಯುತ್ತದೆ. ಆ ವಯಸ್ಸಿನಲ್ಲಿ ‘ಮರ’ವನ್ನು ‘ಮಲ’ ಎಂದರೆ ಚಿಂತಿಸಬೇಕಾಗಿಲ್ಲ. ರಕಾರ, ಸಕಾರ, ಶಕಾರಗಳು ನಿಧಾನವಾಗಿ ನೆಲೆಗೊಳ್ಳುವ ಧ್ವನಿಗಳು.

ಎರಡನೆಯ ವಯಸ್ಸಿನಲ್ಲಿ ನೂರಕ್ಕೆ ಸುಮಾರು 10ರಿಂದ 15 ಮಕ್ಕಳು ಮಾತಿನಲ್ಲಿ ಹಿಂದಿರುತ್ತಾರೆಂದು ತಜ್ಞರ ಅಂದಾಜು. ಅವರಲ್ಲಿ ಅರ್ಧಕ್ಕಿಂತ ಹೆಚ್ಚು ಮಕ್ಕಳು ಮುಂದೆ ತಾವಾಗಿಯೇ ಓರಗೆಯವರನ್ನು ಕೂಡಿಕೊಳ್ಳುತ್ತಾರೆ. ಅಜ್ಜಿಯ ಮಾತಿನಲ್ಲಿ ಸತ್ಯಾಂಶವಿರುವುದು ಇಲ್ಲಿಯೇ. ಆದರೆ ಕೂಡಿಕೊಳ್ಳುವ ಮಗು ಯಾವುದು, ಹಿಂದೆಯೇ ಉಳಿಯುವ ಮಗು ಯಾವುದು ಎಂಬುದನ್ನು ಎರಡನೆಯ ವಯಸ್ಸಿನಲ್ಲಿ ಹೊರನೋಟದಿಂದ ಖಚಿತವಾಗಿ ಹೇಳಲಾಗದು. ಆದುದರಿಂದಲೇ ಪರೀಕ್ಷೆ ಮಾಡಿಸಿ ಕಾಯುವುದಕ್ಕೂ ಪರೀಕ್ಷೆಯಿಲ್ಲದೆ ಕಾಯುವುದಕ್ಕೂ ಬಹಳ ಅಂತರವಿದೆ. ಮೊದಲನೆಯದು ತಾಳ್ಮೆ, ಎರಡನೆಯದು ಅಲಕ್ಷ್ಯ.

ತಡವಾಗುವುದೇಕೆ?

ಮೊದಲು ವಿಚಾರಿಸಬೇಕಾದುದು ಶ್ರವಣದೋಷವನ್ನು. ಗರ್ಭಿಣಿಗೆ ರುಬೆಲ್ಲಾ ತಗಲಿದ್ದರೆ, ಹುಟ್ಟಿದ ಮಗುವಿಗೆ ಕಾಮಾಲೆ ತೀವ್ರವಾಗಿದ್ದರೆ, ಮಿದುಳಿನ ಪೊರೆಗೆ ಸೋಂಕು ಬಂದಿದ್ದರೆ ಕಿವಿಗೆ ಪೆಟ್ಟು ಬೀಳಬಹುದು. ಸೋದರಮಾವ, ಅತ್ತೆಯ ಮಗ ಮುಂತಾದ ಹತ್ತಿರದ ರಕ್ತಸಂಬಂಧದ ವಿವಾಹಗಳಲ್ಲಿ ತಂದೆತಾಯಿ ಇಬ್ಬರಿಂದಲೂ ಒಂದೇ ಬಗೆಯ ದೋಷಯುಕ್ತ ವಂಶವಾಹಿ ಮಗುವಿಗೆ ಬರುವ ಸಂಭವ ಹೆಚ್ಚು. ಹುಟ್ಟುಕಿವುಡಿಗೆ ಅದೂ ಒಂದು ಕಾರಣ. ಪದೇ ಪದೇ ನೆಗಡಿಯಾಗಿ ಕಿವಿಯ ತಮಟೆಯ ಹಿಂದೆ ದ್ರವ ನಿಂತರೂ ಮಗುವಿಗೆ ಮಾತು ಮಸುಕಾಗಿ ಕೇಳುತ್ತದೆ. ಇದು ಚಿಕಿತ್ಸೆಯಿಂದ ಗುಣವಾಗತಕ್ಕದ್ದು.

ಶ್ರವಣದೋಷವನ್ನು ಮನೆಯಲ್ಲಿಯೇ ಅಳೆದು ನಿಶ್ಚಿಂತರಾಗುವುದು ಅಪಾಯಕರ. ಕಿವಿ ಕೇಳದ ಶಿಶುವೂ ಮೊದಲ ತಿಂಗಳುಗಳಲ್ಲಿ ಎಲ್ಲ ಶಿಶುಗಳಂತೆ ದನಿ ಮಾಡುತ್ತದೆ, ನಗುತ್ತದೆ, ಅಳುತ್ತದೆ. ಹಿಂದೆ ನಿಂತು ಚಪ್ಪಾಳೆ ತಟ್ಟಿದಾಗ ಅದು ತಿರುಗುವುದು ಸದ್ದಿನಿಂದಲ್ಲ, ನೆರಳಿನ ಚಲನೆಯಿಂದಲೋ ನೆಲದ ಕಂಪನದಿಂದಲೋ ಇರಬಹುದು. ಕೆಲವು ಮಕ್ಕಳಿಗೆ ಬಾಗಿಲು ಬಡಿದದ್ದು ಕೇಳುತ್ತದೆ, ತಾಯಿ ಕೂಗಿದ್ದೂ ಕೇಳುತ್ತದೆ. ಆದರೆ ಸಕಾರ ಶಕಾರಗಳಂಥ ತೆಳುವಾದ ಧ್ವನಿಗಳು ಕೇಳುವುದಿಲ್ಲ. ಅಂತಹ ಮಗುವಿಗೆ ಮನೆಯ ಮಾತೆಲ್ಲ ಅಕ್ಷರಗಳು ಅಳಿಸಿಹೋದ ಹಳೆಯ ಓಲೆಯಂತೆ. ‘ಕೇಳಿಸುತ್ತದೆ, ಆದರೆ ಹಟಮಾರಿ’ ಎಂದು ಮನೆಯವರು ತೀರ್ಮಾನಿಸಿಬಿಡುತ್ತಾರೆ.

ಎರಡನೆಯದು ಆಟಿಸಂ ಎಂಬ ಬೆಳವಣಿಗೆಯ ಭೇದ. ಇಲ್ಲಿ ಮಾತಿನ ಕೊರತೆಗಿಂತಲೂ ಸಂಪರ್ಕದ ಕೊರತೆ ಎದ್ದುಕಾಣುತ್ತದೆ. ಮಗು ಕಣ್ಣಿಗೆ ಕಣ್ಣು ಕೊಡುವುದು ಕಡಿಮೆ, ಹೆಸರಿಗೆ ಓಗೊಡುವುದಿಲ್ಲ, ತಾನು ಕಂಡ ಹಕ್ಕಿಯನ್ನು ಇತರರಿಗೆ ಬೆರಳು ಮಾಡಿ ತೋರಿಸುವುದಿಲ್ಲ. ಇದಕ್ಕೆ ತಾಯಿಯ ಪಾಲನೆಯ ದೋಷ ಕಾರಣವೆಂಬ ಹಿಂದಿನ ಕಾಲದ ಅಭಿಪ್ರಾಯ ಸುಳ್ಳೆಂದು ಸಿದ್ಧವಾಗಿದೆ. ಮೂರನೆಯದು ಬುದ್ಧಿಯ ಒಟ್ಟು ಬೆಳವಣಿಗೆಯೇ ನಿಧಾನವಾಗಿರುವುದು. ಕಿವಿಯೂ ಬುದ್ಧಿಯೂ ಚೆನ್ನಾಗಿದ್ದು ಮಾತು ಮಾತ್ರವೇ ತಡವಾಗಿರುವ ಮಕ್ಕಳೂ ಇದ್ದಾರೆ. ಕುಟುಂಬದಲ್ಲಿ ಹಿಂದೆ ಯಾರಿಗಾದರೂ ಹಾಗಾಗಿದ್ದರೆ ಇದರ ಸಂಭವ ಹೆಚ್ಚು. ಇಂತಹ ಮಗು ಆಡದಿದ್ದರೂ ಅರ್ಥಮಾಡಿಕೊಳ್ಳುತ್ತದೆ. ಕೈಸನ್ನೆಯಿಲ್ಲದೆ “ಅಪ್ಪನ ಚಪ್ಪಲಿ ತಾ” ಎಂದಾಗ ಹೋಗಿ ತರುವ ಮಗುವಿನ ವಿಷಯದಲ್ಲಿ ಭರವಸೆಗೆ ಹೆಚ್ಚು ಆಧಾರವಿದೆ.

ರೂಢಿಯಲ್ಲಿರುವ ಕೆಲವು ಕಾರಣಗಳು ನಿಲ್ಲುವಂಥವಲ್ಲ. ಗಂಡುಮಕ್ಕಳು ಹೆಣ್ಣುಮಕ್ಕಳಿಗಿಂತ ಸ್ವಲ್ಪ ತಡವಾಗಿ ಮಾತನಾಡುವುದು ನಿಜವಾದರೂ ಆ ಅಂತರ ಒಂದೆರಡು ತಿಂಗಳುಗಳದು, ವರ್ಷಗಳದಲ್ಲ. ನಾಲಿಗೆಯ ಕೆಳಗಿನ ಎಳೆ ಬಿಗಿಯಾಗಿದ್ದರೆ ಕೆಲವು ಧ್ವನಿಗಳ ಉಚ್ಚಾರ ಕೆಡಬಹುದೇ ಹೊರತು ಮಾತೇ ಬಾರದಂತಾಗುವುದಿಲ್ಲ. ಬೆಳಗಾವಿಯ ಕಡೆ ಮರಾಠಿ, ಬಳ್ಳಾರಿಯ ಕಡೆ ತೆಲುಗು, ಕಲಬುರ್ಗಿ ಬೀದರಗಳಲ್ಲಿ ಉರ್ದು ಕನ್ನಡದೊಡನೆ ಬೆರೆತಿರುವ ಮನೆಗಳುಂಟು. ಎರಡು ಭಾಷೆ ಕಿವಿಗೆ ಬಿದ್ದುದರಿಂದ ಮಾತು ತಡವಾಗುವುದಿಲ್ಲ. ಅಂತಹ ಮಗುವಿನ ಪದಗಳನ್ನು ಎಣಿಸುವಾಗ ಎರಡೂ ಭಾಷೆಗಳ ಪದಗಳನ್ನು ಸೇರಿಸಿ ಎಣಿಸಬೇಕು, ಅಷ್ಟೆ.

ಕಾಯಬಾರದ ಸಂದರ್ಭಗಳು

ಹನ್ನೆರಡು ತಿಂಗಳಾದರೂ ಉಲಿಯದ, ಬೆರಳು ಮಾಡಿ ತೋರದ ಮಗು. ಹದಿನಾರು ತಿಂಗಳಾದರೂ ಒಂದು ಪದವನ್ನೂ ಆಡದ ಮಗು. ಎರಡು ವರ್ಷವಾದರೂ ಸ್ವಂತವಾಗಿ ಎರಡು ಪದ ಜೋಡಿಸದ ಮಗು. ಬಂದ ಮಾತು ಯಾವ ವಯಸ್ಸಿನಲ್ಲಾದರೂ ನಿಂತುಹೋದ ಮಗು: ಈ ನಾಲ್ವರನ್ನು ತಡಮಾಡದೆ ತಜ್ಞರಿಗೆ ತೋರಿಸತಕ್ಕದ್ದು. ಕಿವಿಯ ಬಗ್ಗೆ ಸಂಶಯ ಬಂದರಂತೂ ವಯಸ್ಸಿನ ಲೆಕ್ಕ ಹಾಕುತ್ತ ಕೂಡಬಾರದು.

ಪರೀಕ್ಷೆಗೆ ಮಗು ಮಾತನಾಡಬೇಕೆಂದಿಲ್ಲ, ನೋವೂ ಇಲ್ಲ. ಕಿವಿಯಲ್ಲಿ ಚಿಕ್ಕದೊಂದು ನಳಿಕೆಯಿಟ್ಟು ಸಣ್ಣ ಸದ್ದು ಕಳುಹಿಸಿದರೆ ಆರೋಗ್ಯವಂತ ಒಳಗಿವಿಯಿಂದ ಕ್ಷೀಣವಾದ ಮಾರ್ದನಿ ಬರುತ್ತದೆ. ಉಪಕರಣ ಅದನ್ನು ದಾಖಲಿಸುತ್ತದೆ. ಬೇರಾ ಎಂಬ ಇನ್ನೊಂದು ಪರೀಕ್ಷೆಯಲ್ಲಿ ಮಗು ನಿದ್ರಿಸುತ್ತಿರುವಾಗಲೇ, ಸದ್ದಿಗೆ ಶ್ರವಣನರವೂ ಮಿದುಳಿನ ಕಾಂಡವೂ ಸ್ಪಂದಿಸುವುದನ್ನು ತಲೆಗೆ ಅಂಟಿಸಿದ ವಿದ್ಯುದ್ವಾರಗಳ ಮೂಲಕ ಅಳೆಯುತ್ತಾರೆ. ಹುಟ್ಟಿದ ಒಂದು ತಿಂಗಳೊಳಗೆ ತಪಾಸಣೆ, ಮೂರು ತಿಂಗಳೊಳಗೆ ನಿರ್ಣಯ, ಆರು ತಿಂಗಳೊಳಗೆ ಉಪಚಾರದ ಆರಂಭ ಎಂಬುದು ತಜ್ಞರು ಇರಿಸಿಕೊಂಡಿರುವ ಗುರಿ.

ಆರು ತಿಂಗಳೆಂಬ ಈ ಗಡುವಿಗೆ ಆಧಾರವುಂಟು. ಅಮೆರಿಕದ ಕೊಲರಾಡೋದಲ್ಲಿ ಕ್ರಿಸ್ಟೀನ್ ಯೋಶಿನಾಗ-ಇಟಾನೋ ಮತ್ತು ಸಂಗಡಿಗರು ಶ್ರವಣದೋಷವಿದ್ದ 150 ಮಕ್ಕಳನ್ನು ಅಭ್ಯಸಿಸಿ 1998ರಲ್ಲಿ ವರದಿ ಪ್ರಕಟಿಸಿದರು. ಆರು ತಿಂಗಳೊಳಗೆ ದೋಷ ಪತ್ತೆಯಾದ ಮಕ್ಕಳ ಭಾಷೆ, ತಡವಾಗಿ ಪತ್ತೆಯಾದವರ ಭಾಷೆಗಿಂತ ಸ್ಪಷ್ಟವಾಗಿ ಮುಂದಿತ್ತು. ಬಡವ ಬಲ್ಲಿದ, ಹೆಣ್ಣು ಗಂಡು, ದೋಷ ಹೆಚ್ಚು ಕಡಿಮೆ ಎಂಬ ಭೇದಗಳಾವುವೂ ಈ ಫಲಿತಾಂಶವನ್ನು ಬದಲಿಸಲಿಲ್ಲ. ಕಾಲವೇ ಇಲ್ಲಿ ಮುಖ್ಯ ಔಷಧ.

ನೆರವಿನ ನೆಲೆಗಳು

ಈ ವಿಷಯದಲ್ಲಿ ಕರ್ನಾಟಕ ಭಾಗ್ಯಶಾಲಿ. ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ 1965ರಲ್ಲಿ ಆರಂಭವಾಯಿತು. ಕೇಂದ್ರ ಆರೋಗ್ಯ ಸಚಿವಾಲಯದ ಅಧೀನದಲ್ಲಿರುವ ಈ ಸಂಸ್ಥೆ ತಜ್ಞರನ್ನು ತಯಾರು ಮಾಡುವುದರೊಡನೆ ಮಕ್ಕಳ ಪರೀಕ್ಷೆ, ಶ್ರವಣಯಂತ್ರ, ವಾಕ್ ಚಿಕಿತ್ಸೆ, ಪಾಲಕರ ತರಬೇತಿ ಇವೆಲ್ಲವನ್ನೂ ನಡೆಸುತ್ತಿದೆ. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಂತೆ ವೈದ್ಯರ ತಂಡಗಳು ಅಂಗನವಾಡಿಗಳಿಗೆ ವರ್ಷಕ್ಕೆರಡು ಬಾರಿ, ಸರ್ಕಾರಿ ಮತ್ತು ಅನುದಾನಿತ ಶಾಲೆಗಳಿಗೆ ವರ್ಷಕ್ಕೊಮ್ಮೆ ಭೇಟಿಯಿತ್ತು ತಪಾಸಣೆ ಮಾಡಬೇಕು. ಬೆಳವಣಿಗೆ ಕುಂಠಿತವಾದ ಮಕ್ಕಳನ್ನು ಜಿಲ್ಲಾ ಕೇಂದ್ರದ ಶೀಘ್ರ ಉಪಚಾರ ಘಟಕಕ್ಕೆ ಕಳುಹಿಸುವ ವ್ಯವಸ್ಥೆಯೂ ಅದರಲ್ಲಿದೆ. 2016ರ ಅಂಗವಿಕಲರ ಹಕ್ಕುಗಳ ಅಧಿನಿಯಮದಲ್ಲಿ ಶ್ರವಣದೋಷದೊಡನೆ ವಾಕ್ ಮತ್ತು ಭಾಷಾದೋಷವೂ ಸೇರಿದೆ.

ಮನೆಯ ಕರ್ತವ್ಯ

ತಜ್ಞರು ವಾರಕ್ಕೊಮ್ಮೆ ನೋಡುವ ಮಗುವನ್ನು ತಾಯಿ ದಿನವಿಡೀ ನೋಡುತ್ತಾಳೆ. ಎಣ್ಣೆ ಒತ್ತಿ ಎರೆಯುವಾಗ, ತುತ್ತು ಉಣಿಸುವಾಗ, ಜೋಗುಳ ಹಾಡಿ ಮಲಗಿಸುವಾಗ ಆಡುವ ಮಾತಿಗಿಂತ ಉತ್ತಮ ಪಾಠವಿಲ್ಲ. ಮಗುವಿನ ದೃಷ್ಟಿ ಎಲ್ಲಿದೆಯೋ ಆ ವಸ್ತುವಿನ ಬಗ್ಗೆ ನಿಧಾನವಾಗಿ, ಚಿಕ್ಕ ಮಾತುಗಳಲ್ಲಿ ಹೇಳಬೇಕು. ಹೇಳಿದ ಮೇಲೆ ತುಸು ಕಾಯಬೇಕು. ಆ ಬಿಡುವೇ ಮಗುವಿನ ಸರದಿ. ಮಗು ‘ನಾಯಿ’ ಎಂದರೆ “ಹೌದು, ಕರಿಯ ನಾಯಿ ಓಡುತ್ತಿದೆ” ಎಂದು ಬೆಳೆಸಿ ಹೇಳಬೇಕು. “ಹೇಳು, ಹೇಳು” ಎಂದು ಬಂದವರೆದುರು ಒತ್ತಾಯಿಸುವುದರಿಂದ ಮಗು ಇನ್ನಷ್ಟು ಬಾಯಿ ಕಟ್ಟಿಕೊಳ್ಳುತ್ತದೆ. ಮಗು ತೋರುವ ಸನ್ನೆಯನ್ನು ತಡೆಯಬಾರದು. ಸನ್ನೆ ಮಾತಿಗೆ ಮೆಟ್ಟಿಲು. ಊಟ ಮಾಡಲೆಂದು ಮಗುವಿನ ಕೈಗೆ ಮೊಬೈಲು ಕೊಡುವ ರೂಢಿ ಹಳ್ಳಿಗಳಿಗೂ ಹಬ್ಬಿದೆ. ಎರಡು ವರ್ಷದೊಳಗಿನ ಮಕ್ಕಳಿಗೆ ಪರದೆ ಬೇಡವೆಂದು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಸಲಹೆಯಿತ್ತಿದೆ. ಪರದೆ ಮಾತನಾಡುತ್ತದೆ, ಆದರೆ ಮಗುವಿನ ಉತ್ತರಕ್ಕೆ ಕಾಯುವುದಿಲ್ಲ.

ಶಾಲೆಯ ಪಾಲು

ಮನೆಯಲ್ಲಿ ಗಮನಕ್ಕೆ ಬಾರದ ಮಗು ಕೊನೆಗೆ ಬಂದು ಕೂಡುವುದು ಒಂದನೆಯ ತರಗತಿಯಲ್ಲಿ. ಹಾಜರಿ ಕರೆದಾಗ ಪಕ್ಕದವನು ಮೊಣಕೈಯಿಂದ ತಿವಿದ ಮೇಲೆ ಎದ್ದು ನಿಲ್ಲುವ, ಉಕ್ತಲೇಖನದಲ್ಲಿ ನೆರೆಯವನ ಪಾಟಿ ನೋಡುವ, ಶಿಕ್ಷಕರ ತುಟಿಯನ್ನೇ ದಿಟ್ಟಿಸುವ ಮಗು ದಡ್ಡನೆಂದೋ ಕಳ್ಳನೆಂದೋ ಹೆಸರು ಪಡೆಯುತ್ತದೆ. ಅಂತಹ ಮಗುವಿಗೆ ಬೆತ್ತ ತೋರುವ ಮೊದಲು ಕಿವಿ ತೋರಿಸಲು ಹೇಳುವ ಶಿಕ್ಷಕರು ಒಂದು ಜೀವನವನ್ನೇ ಉಳಿಸುತ್ತಾರೆ. ಆ ಮಗುವನ್ನು ಮುಂದಿನ ಸಾಲಿನಲ್ಲಿ ಕೂಡಿಸುವುದಕ್ಕೂ ಅದಕ್ಕೆ ಮುಖಮಾಡಿ ಮಾತನಾಡುವುದಕ್ಕೂ ಯಾವ ಖರ್ಚೂ ಇಲ್ಲ.

ವಿದ್ಯಾಸಂಸ್ಥೆಗಳಿಗೆ ನೆರವಾಗುವ ದಾನಿಗಳೂ ಹಳೆಯ ವಿದ್ಯಾರ್ಥಿಗಳೂ ಇದನ್ನು ನೆನೆಯಬಹುದು. ಶ್ರವಣಯಂತ್ರ ಸರ್ಕಾರದಿಂದ ಉಚಿತವಾಗಿ ದೊರೆತರೂ ಅದರ ಬ್ಯಾಟರಿಗೆ ಮೇಲಿಂದ ಮೇಲೆ ಹಣ ಬೇಕು. ಜಿಲ್ಲಾ ಕೇಂದ್ರಕ್ಕೋ ಮೈಸೂರಿಗೋ ಮಗುವನ್ನು ಕರೆದೊಯ್ಯುವ ಕೂಲಿಕಾರ ತಾಯಿಗೆ ಬಸ್ಸಿನ ಖರ್ಚಿನೊಡನೆ ಆ ದಿನದ ಕೂಲಿಯೂ ನಷ್ಟ. ಎಷ್ಟೋ ಮಕ್ಕಳ ಚಿಕಿತ್ಸೆ ನಿಂತುಹೋಗುವುದು ತಜ್ಞರಿಲ್ಲದೆ ಅಲ್ಲ, ಈ ಸಣ್ಣ ಖರ್ಚುಗಳನ್ನು ತಾಳಲಾರದೆ. ಕೊಠಡಿ ಕಟ್ಟಿಸಿದವರ ಹೆಸರು ಕಲ್ಲಿನ ಮೇಲೆ ಉಳಿಯುತ್ತದೆ. ಬ್ಯಾಟರಿ ಕೊಡಿಸಿದವರ ಹೆಸರು ಎಲ್ಲಿಯೂ ಉಳಿಯಲಿಕ್ಕಿಲ್ಲ. ಆದರೆ ತಡವಾಗಿಯಾದರೂ ಒಂದು ಮಗು ತನ್ನ ತಾಯಿಯನ್ನು ‘ಅವ್ವ’ ಎಂದು ಕರೆದಿರುತ್ತದೆ.